ಧರೆ, ಗಸ್ತು, ದಾಖಲೆ: ಕಾರವಾರ–ಅಂಕೋಲಾ ರೈಲುಹಾದಿ ಮತ್ತು ಕೃತಕ ಬುದ್ಧಿಮತ್ತೆ

ಕೊಂಕಣ ರೈಲ್ವೆ ನಿಗಮಕ್ಕೆ ಎರಡು ಪ್ರಾದೇಶಿಕ ಕಚೇರಿಗಳು. ಒಂದು ರತ್ನಾಗಿರಿಯಲ್ಲಿ, ಇನ್ನೊಂದು ಕಾರವಾರದಲ್ಲಿ. ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ ಸುಮಾರು 740 ಕಿ.ಮೀ. ಉದ್ದದ ಹಾದಿಯ ದಕ್ಷಿಣ ಭಾಗವನ್ನು ಕಾರವಾರ ನೋಡಿಕೊಳ್ಳುತ್ತದೆ. 1990ರಲ್ಲಿ ನಿಗಮ ಹುಟ್ಟಿದಾಗ ರೈಲ್ವೆ ಸಚಿವಾಲಯ ಶೇ. 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6ರ ಪಾಲು ಹಾಕಿದವು. ಅಂದರೆ ಇದು ಕನ್ನಡಿಗರ ದುಡ್ಡೂ ಸೇರಿ ಕಟ್ಟಿದ ಉದ್ಯಮ. ತೊಂಬತ್ತಕ್ಕೂ ಹೆಚ್ಚು ಸುರಂಗ, ಸಾವಿರದ ಎಂಟುನೂರಕ್ಕೂ ಹೆಚ್ಚು ಸೇತುವೆಗಳ ಈ ಹಾದಿ 1998ರ ಜನವರಿ 26ರಂದು ಪೂರ್ಣವಾಗಿ ತೆರೆಯಿತು. ಕಾರವಾರದ ಸುರಂಗವೊಂದೇ ಮೂರು ಕಿ.ಮೀ.ಗೆ ಹತ್ತಿರ ಉದ್ದವಿದೆ. ಸುರಂಗ ಕೊರೆಯದ ಕಡೆ ಗುಡ್ಡವನ್ನು ಸೀಳಿ ಹಳಿ ಹಾಕಿದ್ದಾರೆ. ರೈಲ್ವೆಯವರ ಬಾಯಲ್ಲಿ ಅದು ‘ಕಟಿಂಗ್’. ಊರವರ ಬಾಯಲ್ಲಿ ಎರಡೂ ಬದಿಯ ಧರೆ.

ದೊಡ್ಡ ಉದ್ಯಮಗಳು ಕೃತಕ ಬುದ್ಧಿಮತ್ತೆಯನ್ನು ಬಳಕೆಗೆ ತರುವ ಚರ್ಚೆ ಸಾಮಾನ್ಯವಾಗಿ ಯಾವ ತಂತ್ರಾಂಶ, ಎಷ್ಟು ಕ್ಯಾಮೆರಾ, ಎಷ್ಟು ಖರ್ಚು ಎಂಬಲ್ಲೇ ಸುತ್ತುತ್ತದೆ. ಈ ಟಿಪ್ಪಣಿ ಅದಕ್ಕಿಂತ ಹಿಂದಿನ ಒಂದು ಪ್ರಶ್ನೆಯನ್ನು ಕೇಳುತ್ತದೆ. ಕಾರವಾರ ಮತ್ತು ಅಂಕೋಲಾದ ನಡುವೆ ಧರೆ ಕುಸಿಯುವುದನ್ನು ಮುಂಚಿತವಾಗಿ ಹೇಳುವ ಯಂತ್ರ ಬೇಕೆಂದರೆ, ಅದು ಯಾವ ದಾಖಲೆಯಿಂದ ಕಲಿಯಬೇಕು? ಆ ದಾಖಲೆ ಮಳೆಗಾಲದಲ್ಲಿ ಹಳಿ ಕಾಯುವ ಗಸ್ತಿನವರ ಕಣ್ಣು, ಕಿವಿ, ಕಾಲುಗಳಲ್ಲಿದೆ, ಅದನ್ನು ಬರೆದಿಡುವ ಕೆಲಸ ಯಂತ್ರ ಕೊಳ್ಳುವುದಕ್ಕಿಂತ ಮೊದಲು ಆಗಬೇಕು ಎಂಬುದು ನನ್ನ ವಾದ.

ಮೊದಲು ಎರಡು ದುರಂತಗಳನ್ನು ನೆನೆಯಬೇಕು. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ರಜಾಕಾಲದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಬಳಿ ಹಳಿ ಮೇಲೆ ಉರುಳಿಬಿದ್ದ ಬಂಡೆಗಳಿಗೆ ಬಡಿಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಒಂದು ವರ್ಷವೂ ತುಂಬಿರಲಿಲ್ಲ, 2004ರ ಜೂನ್ 16ರಂದು ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕರಂಜಾಡಿ ಬಳಿ ಇದೇ ರೀತಿ ಬಂಡೆಗಳಿಂದಾಗಿ ಹಳಿ ತಪ್ಪಿತು. ಕರಾವಳಿಯ ಜನ ಅಕ್ಕರೆಯಿಂದ ಕಾದು ಪಡೆದ ರೈಲು ಅದು. ಆ ಎರಡು ಜೂನ್‌ಗಳನ್ನು ಬರೀ ಅಂಕಿಗಳಾಗಿ ಬರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ನಿಗಮಕ್ಕೆ ಆ ಹೊತ್ತಿಗೆ ತನ್ನದೇ ಒಂದು ‘ಜಾಣ ಯಂತ್ರ’ವಿತ್ತು. 1999ರ ಆಗಸ್ಟ್‌ನಲ್ಲಿ ಗೈಸಲ್‌ನಲ್ಲಿ ಎರಡು ರೈಲುಗಳು ಮುಖಾಮುಖಿ ಡಿಕ್ಕಿಯಾದ ಬಳಿಕ, ಬಿ. ರಾಜಾರಾಂ ಅವರ ಮುಂದಾಳತ್ವದಲ್ಲಿ ಕೊಂಕಣ ರೈಲ್ವೆ ಡಿಕ್ಕಿ ತಡೆಯುವ ಸಾಧನವೊಂದನ್ನು ರೂಪಿಸಿತು. ‘ರಕ್ಷಾ ಕವಚ’ ಎಂದು ಅದಕ್ಕೆ ಹೆಸರು. ಎಂಜಿನ್‌ನಲ್ಲಿ ಕೂತ ಪೆಟ್ಟಿಗೆ ಜಿಪಿಎಸ್‌ನಿಂದ ತಾನೆಲ್ಲಿದ್ದೇನೆಂದು ತಿಳಿದು, ರೇಡಿಯೋ ಮೂಲಕ ಹತ್ತಿರದ ಬೇರೆ ಪೆಟ್ಟಿಗೆಗಳ ಜೊತೆ ಮಾತಾಡಿ, ಅಪಾಯ ಕಂಡರೆ ತಾನೇ ಬ್ರೇಕ್ ಹಾಕುತ್ತಿತ್ತು. ಧರೆ ವಾಲಿದ್ದನ್ನು ಗ್ರಹಿಸುವ ಉಪಕರಣಗಳನ್ನೂ ಇದೇ ಜಾಲಕ್ಕೆ ಜೋಡಿಸುವ ಪ್ರಯತ್ನ ನಡೆಯಿತು. ಇಂದಿನ ಅರ್ಥದಲ್ಲಿ ಇದು ಕೃತಕ ಬುದ್ಧಿಮತ್ತೆ ಅಲ್ಲ. ಅನುಭವದಿಂದ ಕಲಿಯುವ ಗುಣ ಅದಕ್ಕಿರಲಿಲ್ಲ. ಆದರೆ ಮನುಷ್ಯನ ಬದಲು ಯಂತ್ರ ತೀರ್ಮಾನ ತೆಗೆದುಕೊಳ್ಳುವ ಪ್ರಶ್ನೆಯನ್ನು ಭಾರತದ ರೈಲುಗಳ ಮುಂದೆ ಇಟ್ಟ ಸಂಸ್ಥೆಗಳಲ್ಲಿ ಕೊಂಕಣ ರೈಲ್ವೆಯೂ ಒಂದು.

ಆ ಸಾಧನ ಮುಂದೇನಾಯಿತು ಎಂಬುದರಲ್ಲಿ ಇಂದಿಗೆ ಬೇಕಾದ ಪಾಠವಿದೆ. ಈಶಾನ್ಯ ಗಡಿ ರೈಲ್ವೆಯ 1,700 ಕಿ.ಮೀ.ಗೂ ಮಿಕ್ಕಿದ ಹಾದಿಗೆ ಅದನ್ನು ಒಯ್ದರು. ಕೊಂಕಣದ ಒಂಟಿ ಹಳಿಯಲ್ಲಿ ಎದುರಿನ ರೈಲು ನನ್ನ ಹಳಿಯಲ್ಲೇ ಇದೆಯೇ ಎಂಬ ಗೊಂದಲ ಅಪರೂಪ. ನಾಲ್ಕಾರು ಹಳಿಗಳ ದೊಡ್ಡ ನಿಲ್ದಾಣದಲ್ಲಿ ಹಾಗಲ್ಲ. ಜಿಪಿಎಸ್‌ನ ತಪ್ಪು ಕೆಲವು ಮೀಟರ್. ಎರಡು ಹಳಿಗಳ ನಡುವಿನ ಅಂತರವೂ ಕೆಲವೇ ಮೀಟರ್. ಪಕ್ಕದ ಹಳಿಯ ರೈಲನ್ನು ಎದುರಿನದೆಂದು ತಿಳಿದು ಸುಮ್ಮಸುಮ್ಮನೆ ಬ್ರೇಕ್ ಬೀಳತೊಡಗಿತು. ಕೊನೆಗೆ ಭಾರತೀಯ ರೈಲ್ವೆ ಬೇರೆ ದಾರಿ ಹಿಡಿದು, ಹಳಿಗಳ ನಡುವೆ ಆರ್‌ಎಫ್‌ಐಡಿ ಟ್ಯಾಗ್ ಕೂರಿಸುವ ಇಂದಿನ ‘ಕವಚ್’ ವ್ಯವಸ್ಥೆಗೆ ಬಂತು. ಹಳೆಯ ಸಾಧನ ಕೆಟ್ಟದಾಗಿತ್ತು ಎಂದು ನಾನು ಹೇಳುವುದಿಲ್ಲ. ಒಂದು ನೆಲದಲ್ಲಿ ಸರಿಯಾಗಿದ್ದ ತೀರ್ಮಾನದ ಕ್ರಮ ಇನ್ನೊಂದು ನೆಲದಲ್ಲಿ ಸುಳ್ಳು ಎಚ್ಚರಿಕೆಯಾಗಿ ಮಾರ್ಪಟ್ಟಿತು, ಸುಳ್ಳು ಎಚ್ಚರಿಕೆ ಹೆಚ್ಚಿದಾಗ ನಿಜವಾದದ್ದರ ಮೇಲಿನ ನಂಬಿಕೆಯೂ ಹೋಯಿತು.

ಈ ಮಾತನ್ನು ಕಾರವಾರದ ಧರೆಗೆ ತಂದು ಒಂದು ಲೆಕ್ಕ ಹಾಕೋಣ. ಇದು ನನ್ನ ಊಹೆಯ ಲೆಕ್ಕ, ಯಾರ ವರದಿಯದೂ ಅಲ್ಲ. ನೂರು ಕಟಿಂಗ್‌ಗಳಲ್ಲಿ ಉಪಕರಣ ಇಟ್ಟು ಹತ್ತು ನಿಮಿಷಕ್ಕೊಮ್ಮೆ ಯಂತ್ರ ‘ಕುಸಿಯುತ್ತದೆ’ ಅಥವಾ ‘ಇಲ್ಲ’ ಎಂದು ಹೇಳಬೇಕು ಎನ್ನಿ. ದಿನಕ್ಕೆ ಒಂದು ಜಾಗದಿಂದ 144 ಉತ್ತರ. ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಹಲವು ವರ್ಷ ಜಾರಿಯಲ್ಲಿದ್ದ ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಒಟ್ಟು 144 ದಿನ. ನೂರು ಜಾಗಗಳಿಗೆ ಗುಣಿಸಿದರೆ 20,73,600 ಉತ್ತರಗಳು. ಯಂತ್ರ ಸಾವಿರಕ್ಕೆ ಒಮ್ಮೆ ಮಾತ್ರ ಸುಳ್ಳು ಕೂಗಿದರೂ ಒಂದು ಮಳೆಗಾಲಕ್ಕೆ ಎರಡು ಸಾವಿರಕ್ಕೂ ಹೆಚ್ಚು, ದಿನಕ್ಕೆ ಸುಮಾರು ಹದಿನಾಲ್ಕು ಸುಳ್ಳು ಎಚ್ಚರಿಕೆ. ‘ಶೇ. 99.9ರಷ್ಟು ನಿಖರ’ ಎಂದು ಮಾರಾಟವಾಗುವ ವ್ಯವಸ್ಥೆ ಇದು! ಒಂಟಿ ಹಳಿಯಲ್ಲಿ ಒಂದು ರೈಲು ನಿಂತರೆ ಹಿಂದೆ ಮುಂದೆ ಇರುವವೂ ನಿಲ್ಲುತ್ತವೆ. ಒಂದು ವಾರ ಹೀಗೆ ನಡೆದರೆ ಯಾವ ಸ್ಟೇಷನ್ ಮಾಸ್ಟರ್ ತಾನೇ ಆ ಗಂಟೆಗೆ ಕಿವಿಗೊಟ್ಟಾನು?

ಇನ್ನು ಯಂತ್ರ ಕಲಿಯಬೇಕಾದ ಉದಾಹರಣೆಗಳ ಸಂಗತಿ. ಇಲ್ಲಿ ಒಂದು ತೊಡಕಿದೆ, ಅದು ಸಂತೋಷದ ತೊಡಕು. 2004ರ ಬಳಿಕ ನಿಗಮ ಧರೆಗಳನ್ನು ಗಟ್ಟಿ ಮಾಡುವ ಕೆಲಸಕ್ಕೆ ಮನಸ್ಸಿಟ್ಟು ದುಡಿಯಿತು. ಬಂಡೆಗಳಿಗೆ ಉಕ್ಕಿನ ಬಲೆ, ಮಣ್ಣಿಗೆ ಮೊಳೆ ಹೊಡೆದು ಬಿಗಿಯುವುದು, ಇಳಿಜಾರನ್ನು ಸಪಾಟು ಮಾಡುವುದು, ಬೇರು ಆಳಕ್ಕಿಳಿಯುವ ಹುಲ್ಲು ನೆಡುವುದು. ಹಳಿಗೆ ಬಂಡೆ ಉರುಳುವುದು ಬಹಳ ಕಡಿಮೆಯಾಗಿದೆ. ಆದರೆ ಕುಸಿತ ಕಡಿಮೆಯಾದಷ್ಟೂ ಯಂತ್ರಕ್ಕೆ ತೋರಿಸುವ ಮಾದರಿಗಳೂ ಕಡಿಮೆ. ಬಲೆ ಹಾಕುವ ಮುಂಚಿನ ಕುಸಿತಗಳನ್ನು ತೋರಿಸಿ ಕಲಿಸಿದರೆ, ಈಗಿಲ್ಲದ ಗುಡ್ಡವನ್ನು ಕಲಿಸಿದಂತಾಗುತ್ತದೆ. ಹಿಮಾಲಯದ ಮಾದರಿಯೂ ಇಲ್ಲಿಗೆ ಹೊಂದದು. ನಮ್ಮದು ಮೇಲೆ ಚಿರೆಕಲ್ಲು, ಅದರ ಕೆಳಗೆ ನೀರು ಕುಡಿದರೆ ಜಾರುವ ಶೇಡಿ ಮಣ್ಣು. ಮೇಲಿನ ಪದರ ಗಟ್ಟಿಯಾಗಿ ಕಾಣುವುದರಿಂದಲೇ ಕಣ್ಣಿಗೆ ಮೋಸ.

ಹಾಗಾದರೆ ಕಲಿಯಲು ಉಳಿದದ್ದು ದೊಡ್ಡ ಕುಸಿತವಲ್ಲ, ಕುಸಿತದ ಹಿಂದಿನ ಸಣ್ಣ ಗುರುತುಗಳು: ನಿನ್ನೆ ಇಲ್ಲದ ಕಡೆ ಇಂದು ಜಲ ಎದ್ದದ್ದು (ನೆಲದೊಳಗಿಂದ ನೀರು ಉಕ್ಕಿದ್ದು), ತಿಳಿಯಾಗಿ ಹರಿಯುತ್ತಿದ್ದ ಒರತೆ ಕೆಂಪಾದದ್ದು, ಧರೆಯ ಮೇಲಿನ ಮರ ಹಳಿಯ ಕಡೆಗೆ ವಾಲಿದ್ದು, ಬಲೆಯಲ್ಲಿ ಬುಟ್ಟಿಯಷ್ಟು ಮಣ್ಣು ಕೂತದ್ದು, ಗಟಾರದ ನೀರು ಇದ್ದಕ್ಕಿದ್ದಂತೆ ಕಡಿಮೆಯಾದದ್ದು. ಇವನ್ನು ನೋಡುವವನು ಒಬ್ಬನೇ, ಗಸ್ತಿನವನು. ಮಳೆಗಾಲದಲ್ಲಿ ಅಪಾಯದ ಜಾಗಗಳಲ್ಲಿ ಹಗಲೂ ರಾತ್ರಿ ಕಾವಲಿರುತ್ತದೆ, ಉಳಿದೆಡೆ ಗಸ್ತು ನಡೆಯುತ್ತದೆ. ಹಾದಿಯುದ್ದಕ್ಕೂ ಸರಾಸರಿ ಒಂದು ಕಿ.ಮೀ.ಗೆ ಒಂದರಂತೆ ತುರ್ತು ದೂರವಾಣಿ ಸಾಕೆಟ್‌ಗಳಿದ್ದು, ಅಲ್ಲಿಂದಲೇ ಸ್ಟೇಷನ್ ಮಾಸ್ಟರ್‌ಗೂ ಕಂಟ್ರೋಲ್‌ಗೂ ಸುದ್ದಿ ಮುಟ್ಟಿಸಬಹುದು. ಸುದ್ದಿ ಅಪಾಯದ್ದಾದರೆ ಮುಟ್ಟುತ್ತದೆ, ರೈಲು ನಿಲ್ಲುತ್ತದೆ. ಆದರೆ ಅಪಾಯವಾಗದೇ ಹೋದ ಗುರುತು, ಅಂದರೆ ‘ಜಲ ಎದ್ದಿತ್ತು, ಮೂರು ದಿನಕ್ಕೆ ನಿಂತಿತು’ ಎಂಬ ಮಾತು, ಯಂತ್ರಕ್ಕೆ ಅಷ್ಟೇ ಬೆಲೆಬಾಳುವಂಥದ್ದು. ಏನೂ ಆಗದ ದಿನದ ಜಲಕ್ಕೂ ಕುಸಿದ ದಿನದ ಜಲಕ್ಕೂ ಇರುವ ವ್ಯತ್ಯಾಸವೇ ಕಲಿಯಬೇಕಾದ ವಿಷಯ. ಅದನ್ನು ಇಂಥ ಕಿ.ಮೀ. ಕಲ್ಲು, ಇಂಥ ಬದಿ, ಇಂಥ ಗಂಟೆ ಎಂದು ಗಸ್ತಿನವನ ಮಾತಿನಲ್ಲೇ ಬರೆದುಕೊಳ್ಳಬೇಕು. ‘ಜಲ’ ಎಂಬ ಪದವನ್ನು ‘ನೀರು ಸೋರಿಕೆ’ ಎಂಬ ಒಂದೇ ಖಾನೆಗೆ ತುರುಕಿದರೆ ಅರ್ಧ ಅರಿವು ಅಲ್ಲೇ ಸೋರಿಹೋಗುತ್ತದೆ.

ಮಳೆಯ ಲೆಕ್ಕದಲ್ಲೂ ಒಂದು ಕೊರತೆ ಎದ್ದು ಕಾಣುತ್ತದೆ. ನಿಗಮ ತಾನೇ ಮಳೆ ಅಳೆಯುವ ಒಂಬತ್ತು ನಿಲ್ದಾಣಗಳ ಪಟ್ಟಿಯಲ್ಲಿ ಕರ್ನಾಟಕದವು ಕಾರವಾರ, ಭಟ್ಕಳ ಮತ್ತು ಉಡುಪಿ. ಕಾರವಾರ ಮತ್ತು ಭಟ್ಕಳದ ನಡುವೆ ನೂರು ಕಿ.ಮೀ.ಗೂ ಮಿಕ್ಕಿದ ಹಾದಿ. ಅಂಕೋಲಾ, ಕುಮಟಾ, ಹೊನ್ನಾವರ ಎಲ್ಲ ಅದರೊಳಗೆ ಬಂದವು. ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರವಿದೆ, ಆದರೆ ಧರೆಯನ್ನು ಬೀಳಿಸುವುದು ನೀರು. ಕಾರವಾರದಲ್ಲಿ ಸುರಿಯುವಾಗ ಅಂಕೋಲೆಯಲ್ಲಿ ಬಿಸಿಲಿರುವುದು ಇಲ್ಲಿನ ಯಾರಿಗೂ ಹೊಸತಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಪಡೆಯುತ್ತದೆ. ಹೊಸ ಉಪಕರಣ ಕೊಳ್ಳುವ ಮೊದಲು ಆ ಲೆಕ್ಕವನ್ನು ರೈಲ್ವೆಯ ಕಿ.ಮೀ. ಕಲ್ಲುಗಳಿಗೆ ಜೋಡಿಸುವುದು ಸುಲಭದ, ಅಗ್ಗದ ಕೆಲಸ.

ಆದರೆ ಎಷ್ಟು ಮಳೆ ಎಂಬುದರ ಜೊತೆಗೆ ಯಾವ ನಕ್ಷತ್ರದ ಮಳೆ ಎಂಬುದೂ ಬೇಕು. 2003 ಮತ್ತು 2004ರ ರೈಲು ದುರಂತಗಳು ಮೃಗಶಿರ–ಆರಿದ್ರಾ ಮಳೆಗಳ ಹೊತ್ತಿಗೆ ಆದವು. ಅಂಕೋಲಾ ತಾಲ್ಲೂಕಿನ ಶಿರೂರಿನ ಗುಡ್ಡ ಕುಸಿದದ್ದು 2024ರ ಜುಲೈ 16ರಂದು, ಪುನರ್ವಸುವಿನಲ್ಲಿ, ನೆಲ ಪೂರ್ತಿ ನೆನೆದ ಮೇಲೆ. ಕಾರವಾರ ತಾಲ್ಲೂಕಿನ ಕಡವಾಡದ ಝರಿವಾಡಾದಲ್ಲಿ 19 ಜನರನ್ನು ಬಲಿ ತೆಗೆದುಕೊಂಡ ಕುಸಿತ 2009ರ ಅಕ್ಟೋಬರ್ 2ರಂದು, ಮಳೆಗಾಲ ಮುಗಿಯಿತೆಂದು ಜನ ಅಂದುಕೊಂಡಿದ್ದಾಗ, ಹಸ್ತಾ ಮಳೆಯಲ್ಲಿ. ನಾಲ್ಕು ಘಟನೆಗಳಿಂದ ನಿಯಮ ಕಟ್ಟಲಾಗದು, ಕಟ್ಟಲೂಬಾರದು. ಆದರೆ ಆ ದಿನದ ಮಳೆಯ ಜೊತೆಗೆ ಮೇ ತಿಂಗಳಿಂದ ನೆಲ ಕುಡಿದ ಒಟ್ಟು ನೀರನ್ನೂ ಎಣಿಸಬೇಕು ಎಂಬ ಸೂಚನೆ ಇವುಗಳಲ್ಲಿದೆ. 2025ರಲ್ಲಿ ರೈಲ್ವೆ ತನ್ನ ಮಳೆಗಾಲದ ವೇಳಾಪಟ್ಟಿಯನ್ನು ಜೂನ್ 15ರಿಂದ ಅಕ್ಟೋಬರ್ 20ರವರೆಗಿನ ಅವಧಿಗೆ ಕಿರಿದುಗೊಳಿಸಿತು. ರೈಲು ಓಡಿಸುವ ಕ್ಯಾಲೆಂಡರ್ ಅದೇ ಇರಲಿ. ದಾಖಲೆಯ ಕ್ಯಾಲೆಂಡರ್ ಮೇ ತಿಂಗಳ ಮೊದಲ ಅಡ್ಡಮಳೆಯಿಂದ ದೀಪಾವಳಿಯವರೆಗೆ ಇರಬೇಕು.

ಶಿರೂರಿನ ವಿಷಯಕ್ಕೆ ಇನ್ನಷ್ಟು ಹೊತ್ತು ನಿಲ್ಲಲೇಬೇಕು. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಇಳಿದು, ಅಂಗಡಿ, ವಾಹನ, ಮನುಷ್ಯರನ್ನು ಗಂಗಾವಳಿ ನದಿಗೆ ತಳ್ಳಿತು. ಎದುರು ದಡದ ಉಳುವರೆಯ ಮನೆಗಳಿಗೆ ನದಿಯ ನೀರೇ ಎದ್ದು ಬಡಿಯಿತು. ಹನ್ನೊಂದು ಜೀವಗಳು ಹೋದವು. ನೀರಿನಡಿ ಸಿಕ್ಕಿದ್ದ ಒಂದು ಲಾರಿಯನ್ನು ಮೇಲೆತ್ತಲು ಸೆಪ್ಟೆಂಬರ್ 25ರವರೆಗೆ ಕಾಯಬೇಕಾಯಿತು. ಘಟನೆ ನಡೆದ ಮೂರೇ ದಿನಕ್ಕೆ, ಜುಲೈ 19ರಂದು, ಕೋಲ್ಕತ್ತಾದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಉದ್ಘಾಟನೆಯಾಯಿತು. ಅದರ ಆರಂಭದ ಮುನ್ಸೂಚನೆಗಳು ಡಾರ್ಜಿಲಿಂಗ್, ಕಾಲಿಂಪಾಂಗ್ ಮತ್ತು ನೀಲಗಿರಿಗಾಗಿದ್ದವು. ಒಂದು ವೇಳೆ ಶಿರೂರಿಗೂ ಬೆಳಿಗ್ಗೆ ಆರು ಗಂಟೆಗೆ ಸರಿಯಾದ ಮುನ್ಸೂಚನೆ ಬಂದಿತ್ತು ಎಂದುಕೊಳ್ಳೋಣ. ಅದನ್ನು ಯಾರು ಓದಬೇಕಿತ್ತು? ಧರೆಯ ಬುಡದಲ್ಲಿ ಚಹಾಕ್ಕೆ ನಿಂತ ಲಾರಿಯವನನ್ನು ‘ಏಳು, ಹೊರಡು’ ಎಂದು ಎಬ್ಬಿಸುವ ಅಧಿಕಾರ ಯಾರದಿತ್ತು? ಅದೇ ಗಂಗಾವಳಿಯನ್ನು ದಾಟುವ ರೈಲುಹಾದಿಯಲ್ಲಿ ಈ ಪ್ರಶ್ನೆಗೆ ಉತ್ತರ ಸಿದ್ಧವಿದೆ: ಗಸ್ತಿನವನು ಹೇಳುತ್ತಾನೆ, ಸ್ಟೇಷನ್ ಮಾಸ್ಟರ್ ಸಿಗ್ನಲ್ ಹಿಡಿಯುತ್ತಾನೆ, ಲೋಕೊ ಪೈಲಟ್ ನಿಲ್ಲಿಸುತ್ತಾನೆ. ಜೋರು ಮಳೆಯಲ್ಲಿ ಮುಂದೆ ಕಾಣದಾದರೆ ಗಂಟೆಗೆ 40 ಕಿ.ಮೀ.ಗೆ ಇಳಿಸುವ ಆದೇಶವೂ ಇದೆ. ಹೀಗಾಗಿ ಭೂಕುಸಿತ ಮುನ್ಸೂಚನೆಯನ್ನು ಪರೀಕ್ಷಿಸಲು ಕರಾವಳಿಯಲ್ಲಿ ರೈಲ್ವೆಗಿಂತ ಯೋಗ್ಯ ಸಂಸ್ಥೆ ನನಗೆ ಕಾಣುವುದಿಲ್ಲ. ಇಲ್ಲಿ ಎಚ್ಚರಿಕೆಗೆ ಒಬ್ಬ ವಾರಸುದಾರನಿದ್ದಾನೆ.

ಉಪಕರಣಕ್ಕೂ ಹುಡುಕಾಟ ಹೆಚ್ಚು ಬೇಡ. ಈಶಾನ್ಯ ಗಡಿ ರೈಲ್ವೆಯಲ್ಲಿ ಆನೆಗಳನ್ನು ರೈಲಿನಿಂದ ಕಾಪಾಡಲು ‘ಗಜರಾಜ’ ಎಂಬ ವ್ಯವಸ್ಥೆ ಬಂದಿದೆ. ಹಳಿಯ ಪಕ್ಕ ಹೂತ ಆಪ್ಟಿಕಲ್ ಫೈಬರ್ ಕೇಬಲ್‌ನೊಳಗೆ ಲೇಸರ್ ಬೆಳಕಿನ ಮಿಡಿತ ಕಳಿಸುತ್ತಾರೆ. ನೆಲ ನಡುಗಿದ ಜಾಗದಲ್ಲಿ ಹಿಂದಿರುಗುವ ಬೆಳಕು ತುಸು ಬದಲಾಗುತ್ತದೆ. ಹಿಂದಿರುಗಲು ಹಿಡಿದ ಸಮಯದಿಂದ ಜಾಗ ತಿಳಿಯುತ್ತದೆ, ನಡುಕದ ಬಗೆಯಿಂದ ಅದು ಆನೆಯೋ ಅಲ್ಲವೋ ಎಂದು ಕಲಿತ ಯಂತ್ರ ಹೇಳುತ್ತದೆ. ಕೊಂಕಣ ರೈಲ್ವೆಯ ಹಾದಿಯುದ್ದಕ್ಕೂ ಇಂಥ ಕೇಬಲ್ ಸಂಪರ್ಕಕ್ಕಾಗಿ ಮೊದಲೇ ಇದೆ. ಆನೆಯ ಹೆಜ್ಜೆಯ ಬದಲು ಬಂಡೆ ಬಿದ್ದ ಸದ್ದನ್ನು ಅದಕ್ಕೆ ಕಲಿಸಬೇಕು. ಆದರೆ ಆಷಾಢದ ಮಳೆ ಚಿರೆಕಲ್ಲಿಗೆ ಬಡಿಯುವ ಸದ್ದು, ಹೆದ್ದಾರಿಯ ಲಾರಿಗಳ ಸದ್ದು, ಗಟಾರದಲ್ಲಿ ಉರುಳುವ ಕಲ್ಲಿನ ಸದ್ದು, ಇವೆಲ್ಲದರಿಂದ ಬಂಡೆಯ ಸದ್ದನ್ನು ಬೇರ್ಪಡಿಸಿ ‘ಇದು ಅದೇ’ ಎಂದು ಹೇಳಿಕೊಡಲು ಆ ಹೊತ್ತಿಗೆ ಅಲ್ಲಿ ನಿಂತಿದ್ದವನೊಬ್ಬ ಬೇಕು.

ಆದ್ದರಿಂದ ಒಂದು ಸಣ್ಣ ಪ್ರಯೋಗವನ್ನು ಸೂಚಿಸುತ್ತೇನೆ. ಹಾರವಾಡ ಮತ್ತು ಅಂಕೋಲಾ ನಿಲ್ದಾಣಗಳ ನಡುವೆ ಕಾವಲಿರುವ ಒಂದೇ ಒಂದು ಕಟಿಂಗ್ ಆರಿಸಿಕೊಳ್ಳಬೇಕು. ಮೇ ತಿಂಗಳಿಂದ ಕೇಬಲ್ ಕೇಳಿಸಿಕೊಳ್ಳುತ್ತಿರಲಿ, ಕಾವಲುಗಾರ ಬರೆಯುತ್ತಿರಲಿ, ಅಕ್ಷರ ಕಷ್ಟವಾದವನು ಫೋನಿನಲ್ಲಿ ಕನ್ನಡದಲ್ಲೋ ಕೊಂಕಣಿಯಲ್ಲೋ ಹೇಳಿಡಲಿ. ಯಂತ್ರ ಏನು ಹೇಳಿತೆಂದು ಅವನಿಗೆ ತಿಳಿಯಬಾರದು. ಅವನು ಏನು ಬರೆದನೆಂದು ಯಂತ್ರಕ್ಕೂ ಸಿಗಬಾರದು. ರೈಲು ನಿಲ್ಲಿಸುವ ಅಧಿಕಾರ ಆ ವರ್ಷ ಪೂರ್ತಿ ಅವನದೇ. ಬರೆದದ್ದಕ್ಕೆ ಅವನ ಹೆಸರೂ ಆ ಕೆಲಸಕ್ಕೆ ಬೇರೆ ಭತ್ಯೆಯೂ ಇರಲಿ. ದೀಪಾವಳಿ ಕಳೆದ ಮೇಲೆ ಎರಡೂ ದಾಖಲೆಗಳನ್ನು ಕಾರವಾರದ ಕಚೇರಿಯಲ್ಲಿ ಒಂದೇ ಮೇಜಿನ ಮೇಲಿಟ್ಟು, ಬರೆದವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ದಿನದಿನಕ್ಕೆ ಹೊಂದಿಸಿ ಓದಬೇಕು.