ಬಿಳಿ ರಕ್ತದ ಚರಿತ್ರೆ

ಕಮಠಾಣದ ಮಕ್ಕಳಿಗೆ ಇತಿಹಾಸ ಹೇಳುತ್ತ ನನಗೆ ಇಪ್ಪತ್ತೈದು ವರ್ಷ ದಾಟಿದವು. ಬಹಮನಿ ಸುಲ್ತಾನರ ಇಸವಿಗಳೆಲ್ಲ ಬಾಯಿಪಾಠ. ನನ್ನ ಮೈಯೊಳಗಿನ ರಕ್ತಕ್ಕೂ ಒಂದು ಇತಿಹಾಸವಿದೆಯೆಂದು ತಿಳಿದದ್ದು ಮಾತ್ರ 2014ರಲ್ಲಿ. ನಾಲ್ಕು ಮೆಟ್ಟಿಲು ಹತ್ತಿದರೆ ದಣಿವು, ಎಡಪಕ್ಕೆಯ ಕೆಳಗೆ ಕಲ್ಲಿಟ್ಟಂಥ ಭಾರ. ಬೀದರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ, ಹನ್ನೊಂದು ಸಾವಿರದೊಳಗೆ ಇರಬೇಕಾದ ಬಿಳಿ ಕಣಗಳು ಲಕ್ಷ ದಾಟಿದ್ದವು. ನಮ್ಮ ಕಡೆಯವರೆಲ್ಲರಂತೆ ನಾವೂ ಹೈದರಾಬಾದಿನ ಬಸ್ಸು ಹತ್ತಿದೆವು. 1956ರ ತನಕ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿಯೇ ಇತ್ತು. ರಾಜ್ಯ ಬದಲಾದರೂ ದವಾಖಾನೆಯ ದಾರಿ ಬದಲಾಗಲಿಲ್ಲ.

ರಕ್ತದ ಕ್ಯಾನ್ಸರಿನಲ್ಲಿ ನಿಧಾನವಾಗಿ ಬೆಳೆಯುವ ಒಂದು ಬಗೆ ನನ್ನದು. ಜರ್ಮನಿಯ ವಿರ್ಕೋ ಎಂಬ ವೈದ್ಯ 1845ರಲ್ಲಿ ಈ ರೋಗವನ್ನು ವರ್ಣಿಸಿ, ಆಮೇಲೆ ‘ಬಿಳಿ ರಕ್ತ’ ಎಂಬ ಅರ್ಥದ ಲ್ಯುಕೇಮಿಯ ಎಂಬ ಹೆಸರಿಟ್ಟ. ಹೆಸರು ಸಿಕ್ಕಿತು, ಮದ್ದು ಸಿಗಲಿಲ್ಲ. ನೂರು ವರ್ಷದ ನಂತರ, 1947ರ ಕೊನೆಯಲ್ಲಿ, ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಮಕ್ಕಳಿಗೆ ಕೊಟ್ಟ ಔಷಧಿಯಿಂದ ರೋಗ ಮೊದಲ ಬಾರಿಗೆ ಕೆಲ ತಿಂಗಳ ಮಟ್ಟಿಗಾದರೂ ಹಿಂದೆ ಸರಿಯಿತು. ಆ ಔಷಧಿ ತಯಾರಾದದ್ದು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಪ್ರಯೋಗಶಾಲೆಯಲ್ಲಿ.

ನಾನು ದಿನಾ ನುಂಗುವ ಇಮಾಟಿನಿಬ್ ಗುಳಿಗೆಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 2001ರಲ್ಲಿ. 2013ರ ಸುಮಾರಿಗೆ ಮೂಲ ಕಂಪನಿಯ ಗುಳಿಗೆಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಮೇಲೆ ಬೆಲೆ ಇತ್ತು. ನಮ್ಮ ದೇಶದ ಕಂಪನಿಗಳದಕ್ಕೆ ಹತ್ತು ಸಾವಿರದ ಒಳಗಿತ್ತು. ಪೇಟೆಂಟ್ ಬೇಕೆಂದು ನೋವಾರ್ಟಿಸ್ ಕಂಪನಿ ಹೂಡಿದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ರೋಗಿಗಳ ಪರವಾಗಿ ವರ್ಷಗಟ್ಟಲೆ ಹೋರಾಡಿದ್ದು ಮುಂಬಯಿಯ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ಎಂಬ ಧರ್ಮಾರ್ಥ ಸಂಸ್ಥೆ. ಅವರಲ್ಲಿ ಯಾರ ಮುಖವನ್ನೂ ನಾನು ಕಂಡಿಲ್ಲ. ಮುಂಜಾನೆ ಗುಳಿಗೆ ಕೈಯಲ್ಲಿ ಹಿಡಿದಾಗ ಅವರ ನೆನಪಾಗುತ್ತದೆ.

ಆದರೆ ಎಲ್ಲ ಬಗೆಯ ರಕ್ತ ಕ್ಯಾನ್ಸರೂ ಗುಳಿಗೆಗೆ ಬಗ್ಗುವುದಿಲ್ಲ. 2019ರಲ್ಲಿ ನನ್ನ ತರಗತಿಯ ಹುಡುಗನೊಬ್ಬನಿಗೆ ತೀವ್ರ ಬಗೆಯದು ಬಂತು. ಔಷಧಿಯಿಂದ ಇಳಿದು ಮತ್ತೆ ಮರುಕಳಿಸಿತು. ಅಸ್ಥಿಮಜ್ಜೆ ಬದಲಿಸುವುದೊಂದೇ ದಾರಿ ಎಂದರು. ಅಮೆರಿಕದ ಡಾ. ಥಾಮಸ್ ಇಂಥ ಚಿಕಿತ್ಸೆಯನ್ನು 1956ರಲ್ಲಿ ಅವಳಿಗಳ ನಡುವೆ ಮಾಡಿ ತೋರಿಸಿದರು. ಭಾರತದಲ್ಲಿ ಮೊದಲು ಆದದ್ದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಇಲ್ಲಿ ರಕ್ತದ ಗುಂಪು ಕೂಡಿದರೆ ಸಾಲದು, ಅಂಗಾಂಶದ ಗುರುತುಗಳು ಕೂಡಬೇಕು. ಒಡಹುಟ್ಟಿದವರಲ್ಲಿ ಪೂರ್ತಿ ಕೂಡುವ ಸಂಭವ ನಾಲ್ಕರಲ್ಲಿ ಒಂದು. ಹುಡುಗನಿಗೆ ಇದ್ದದ್ದು ಒಬ್ಬಳೇ ತಂಗಿ, ಅವಳದು ಕೂಡಲಿಲ್ಲ. ಹೊರಗಿನ ದಾನಿಯನ್ನು ಹುಡುಕುತ್ತಿರುವಾಗಲೇ ಹುಡುಗ ಹೋದ. ಅವನ ತಾಯಿ ತಿಂಗಳುಗಟ್ಟಲೆ ದವಾಖಾನೆಯ ಹೊರಗೆ ಕಟ್ಟೆಯ ಮೇಲೆ ಮಲಗಿದ್ದಳು. ನಾವು ಮಾಸ್ತರರು ಕೂಡಿಸಿ ಕೊಟ್ಟ ಹಣ ಬಸ್ಸಿನ ಖರ್ಚಿಗೂ ಊಟಕ್ಕೂ ಹೋಯಿತು. ಅದು ಕೂಡ ಸಣ್ಣ ನೆರವಲ್ಲವೆಂದು ಆಕೆಯೇ ಆಮೇಲೆ ಹೇಳಿದಳು.

ಲಂಡನ್ನಿನಲ್ಲಿ ಶರ್ಲಿ ನೋಲನ್ ಎಂಬ ತಾಯಿಗೂ ಇದೇ ಸಂಕಟ ಬಂದಿತ್ತು. ಅವಳ ಮಗ ಆಂಟನಿಯದು ರಕ್ತದ ಬೇರೊಂದು ಕಾಯಿಲೆ. ಮಗನಿಗಾಗಿ 1974ರಲ್ಲಿ ಅವಳು ದಾನಿಗಳ ಪಟ್ಟಿಯೊಂದನ್ನು ಆರಂಭಿಸಿದಳು. ದಾನಿ ಸಿಗದೆ ಮಗ 1979ರಲ್ಲಿ ತೀರಿಕೊಂಡ. ಪಟ್ಟಿ ಉಳಿಯಿತು, ಬೇರೆಯವರ ಮಕ್ಕಳನ್ನು ಉಳಿಸಿತು. ನಮ್ಮಲ್ಲಿಯೂ ಅಂಥ ಪಟ್ಟಿಗಳಿವೆ. ಚೆನ್ನೈನ ದಾತ್ರಿ 2009ರಿಂದ, ಬೆಂಗಳೂರಿನ ಡಿಕೆಎಂಎಸ್ ಸಂಸ್ಥೆ 2019ರಿಂದ ಈ ಕೆಲಸ ಮಾಡುತ್ತಿವೆ. ಅಂಗಾಂಶದ ಗುರುತು ವಂಶದಿಂದ ಬರುವುದರಿಂದ ನಮ್ಮವರಿಗೆ ಹೊಂದುವವರು ಹೆಚ್ಚಾಗಿ ನಮ್ಮ ಜನರ ನಡುವೆಯೇ ಇರುತ್ತಾರೆ. ಆದರೆ ಹೆಸರು ಬರೆಸಿದವರು ತೀರ ಕಡಿಮೆ.

ಈ ಮಾತನ್ನು ಪಾಲಕರ ಸಭೆಯಲ್ಲಿ ಎತ್ತಿದಾಗ ಒಬ್ಬ ತಾಯಿ ಕೇಳಿದಳು: “ಅಕ್ಕೋರೆ, ಎಲುಬಿನ್ಯಾಗಿಂದು ತೆಗದ್ರ ನನ್ನ ಮಗ ಮುಂದ ಹೊಲದಾಗ ದುಡಿತಾನೇನ್ರಿ?”

ನಗುವ ಪ್ರಶ್ನೆಯಲ್ಲ ಅದು. ತಿಳಿದಷ್ಟನ್ನು ಹೇಳಿದೆ. ಹೆಸರು ಬರೆಸಲು ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿ ಅಂಚೆಯಲ್ಲಿ ಕಳಿಸಿದರೆ ಸಾಕು. ಹದಿನೆಂಟು ತುಂಬಿದ ಆರೋಗ್ಯವಂತರಿಗೆ ಅವಕಾಶವಿದೆ. ಯಾರಿಗಾದರೂ ಹೊಂದಿದರೆ ಮಾತ್ರ ಕರೆಯುತ್ತಾರೆ. ಆಗ ನಾಲ್ಕೈದು ದಿನ ಸೂಜಿಮದ್ದು ಕೊಡುತ್ತಾರೆ; ಅದರಿಂದ ಮೈಕೈ ನೋವು ಬರುತ್ತದೆ, ಬರುವುದಿಲ್ಲವೆಂದರೆ ಸುಳ್ಳಾದೀತು. ಹೆಚ್ಚಿನವರಿಗೆ ಎಲುಬು ಮುಟ್ಟುವುದಿಲ್ಲ. ಒಂದು ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಆಕರಕೋಶಗಳನ್ನು ಮಾತ್ರ ಬೇರ್ಪಡಿಸಿ, ಉಳಿದದ್ದನ್ನು ಇನ್ನೊಂದು ತೋಳಿಗೆ ಮರಳಿಸುತ್ತಾರೆ. ಕೆಲವು ತಾಸಿನ ಕೆಲಸ. ಕೊಟ್ಟದ್ದನ್ನು ದೇಹ ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತದೆ. ನಿನ್ನ ಮಗ ದುಡಿಯುತ್ತಾನೆ ತಾಯಿ, ಎಂದೆ.

ದಾಸೋಹ ನಮ್ಮ ನೆಲಕ್ಕೆ ಹೊಸದಲ್ಲ. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಪಂಕ್ತಿಯಲ್ಲಿ ಕುಳಿತವರು ಯಾರೆಂದು ಕೇಳದೆ ಅನ್ನ ಬಡಿಸುವ ಜನ ನಾವು. ರೋಗ ಬಂದ ನನ್ನಂಥವರು ಹೆಸರು ಬರೆಸುವಂತಿಲ್ಲ. ಹೇಳುವುದಷ್ಟೇ ನನ್ನ ಪಾಲಿನ ಕೆಲಸ. ಕಳೆದ ಬೇಸಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ನಮ್ಮ ಪಡಸಾಲೆಯಲ್ಲಿ ಕುಳಿತು ಕಡ್ಡಿಗಳನ್ನು ಲಕೋಟೆಗೆ ಹಾಕಿ ಅಂಟಿಸಿದರು. ಅವರಲ್ಲೊಬ್ಬ, ಅಂದು ಪ್ರಶ್ನೆ ಕೇಳಿದ ತಾಯಿಯ ಮಗ.