ಮನೆಗೊಂದು ವರ್ಚುವಲ್ ಪಿನ್‌ಬಾಲ್ ಯಂತ್ರ: ಬ್ರಿಕ್‌ಫೀಲ್ಡ್ಸ್‌ನ ಬಾಡಿಗೆ ಮನೆಯಿಂದ ನೋಡಿದಾಗ

ಓರೆಯಾಗಿ ನಿಲ್ಲಿಸಿದ, ಮೇಲೆ ಗಾಜು ಮುಚ್ಚಿದ ಹಲಗೆಯ ಮೇಲೆ ಉಕ್ಕಿನ ಚೆಂಡೊಂದು ಉರುಳುತ್ತ ಕೆಳಗಿಳಿಯುತ್ತದೆ. ಅದು ಜಾರಿ ಹೋಗದಂತೆ ಎರಡು ಪುಟ್ಟ ಫ್ಲಿಪ್ಪರುಗಳಿಂದ ಮತ್ತೆ ಮತ್ತೆ ಮೇಲಕ್ಕೆ ಹೊಡೆಯುವುದೇ ಪಿನ್‌ಬಾಲ್ ಆಟ. ವರ್ಚುವಲ್ ಪಿನ್‌ಬಾಲ್ ಯಂತ್ರದಲ್ಲಿ ಪೆಟ್ಟಿಗೆ, ಕಾಲುಗಳು, ಪಕ್ಕದ ಗುಂಡಿಗಳು, ಚೆಂಡನ್ನು ಚಿಮ್ಮಿಸುವ ಹಿಡಿ ಎಲ್ಲವೂ ನಿಜವಾದವು. ಹಲಗೆ ಮತ್ತು ಚೆಂಡು ಮಾತ್ರ ಚಿತ್ರ. ಹಲಗೆಯ ಜಾಗದಲ್ಲಿ ಮಲಗಿಸಿದ ದೊಡ್ಡ ಪರದೆ, ಹಿಂಬದಿಯ ಅಲಂಕಾರದ ಗಾಜಿನ ಜಾಗದಲ್ಲಿ ಇನ್ನೊಂದು ಪರದೆ, ಒಳಗೊಂದು ಕಂಪ್ಯೂಟರ್. ಒಂದೇ ಪೆಟ್ಟಿಗೆಯಲ್ಲಿ ನೂರಾರು ಆಟಗಳು ಎಂಬುದು ಇದರ ಮುಖ್ಯ ಆಕರ್ಷಣೆ. ಆದರೆ ಇದನ್ನು ಕೊಳ್ಳಬೇಕೇ ಬೇಡವೇ ಎಂಬುದನ್ನು ಆಟಗಳ ಸಂಖ್ಯೆಯಿಂದ ತೀರ್ಮಾನಿಸಲಾಗದು. ಮನೆ ಯಾವುದು, ಅಲ್ಲಿ ಎಷ್ಟು ಕಾಲ ಇರುತ್ತೇವೆ, ಯಂತ್ರ ಕೆಟ್ಟರೆ ಸರಿಪಡಿಸುವವರು ಯಾರು ಎಂಬ ಮೂರು ಪ್ರಶ್ನೆಗಳೇ ಅದನ್ನು ನಿರ್ಧರಿಸುತ್ತವೆ.

ಆಟ ಬಂದ ದಾರಿ

ಕರ್ನಾಟಕದ ಅನೇಕ ಮನೆಗಳಲ್ಲಿ ಬೇಸಗೆ ರಜೆಗೆ ಹೊರಬರುತ್ತಿದ್ದ, ಮೊಳೆ ಹೊಡೆದ ಬ್ಯಾಗಟೆಲ್ ಹಲಗೆ ಪಿನ್‌ಬಾಲ್‌ನ ಹತ್ತಿರದ ಬಂಧು. ಅಮೆರಿಕದ ಸಿನ್ಸಿನಾಟಿಯಲ್ಲಿ ಮಾಂಟೇಗ್ಯೂ ರೆಡ್‌ಗ್ರೇವ್ 1871ರಲ್ಲಿ ಈ ಹಲಗೆಗೆ ಸ್ಪ್ರಿಂಗಿನ ಹಿಡಿಯನ್ನು ಜೋಡಿಸಿ ಪೇಟೆಂಟ್ ಪಡೆದರು. 1931ರಲ್ಲಿ ಗಾಟ್ಲೀಬ್ ಕಂಪನಿಯ 'ಬ್ಯಾಫಲ್ ಬಾಲ್' ಇದನ್ನು ಅಂಗಡಿ ಮುಂಗಟ್ಟುಗಳ ನಾಣ್ಯದ ಆಟವಾಗಿಸಿತು. ಆಗ ಚೆಂಡು ಎಲ್ಲಿಗೆ ಹೋಗುವುದೆಂಬುದು ಬಹುಮಟ್ಟಿಗೆ ಅದೃಷ್ಟದ ಮಾತಾಗಿತ್ತು. ನ್ಯೂಯಾರ್ಕ್ ನಗರವು ಇದನ್ನು ಜೂಜೆಂದು ಬಗೆದು 1942ರಲ್ಲಿ ನಿಷೇಧಿಸಿತು; ಆ ನಿಷೇಧ ತೆರವಾದುದು 1976ರಲ್ಲಿ. ಅಷ್ಟರಲ್ಲಿ, 1947ರ 'ಹಂಪ್ಟಿ ಡಂಪ್ಟಿ' ಯಂತ್ರದಲ್ಲಿ ಬಂದ ಫ್ಲಿಪ್ಪರುಗಳು ಆಟವನ್ನು ಅದೃಷ್ಟದ ಕೈಯಿಂದ ಆಟಗಾರನ ಕೈಗೆ ತಂದಿದ್ದವು.

1992ರ 'ದಿ ಆಡಮ್ಸ್ ಫ್ಯಾಮಿಲಿ' 20,000ಕ್ಕೂ ಹೆಚ್ಚು ಮಾರಾಟವಾಯಿತು. ಆದರೆ ವಿಡಿಯೋ ಆಟಗಳ ಎದುರು ಈ ಉದ್ಯಮ ಬಹುಕಾಲ ನಿಲ್ಲಲಿಲ್ಲ. ಷಿಕಾಗೋದ ವಿಲಿಯಮ್ಸ್ ಕಂಪನಿ 1999ರಲ್ಲಿ ಪಿನ್‌ಬಾಲ್ ತಯಾರಿಕೆಯನ್ನೇ ಕೈಬಿಟ್ಟಿತು. ವಿಂಡೋಸ್ ಎಕ್ಸ್‌ಪಿಯವರೆಗೆ ಕಂಪ್ಯೂಟರಿನ ಜೊತೆಗೇ ಬರುತ್ತಿದ್ದ 'ಸ್ಪೇಸ್ ಕ್ಯಾಡೆಟ್' ಆಟದ ಮೂಲಕ ಪಿನ್‌ಬಾಲ್‌ನ ಪರಿಚಯವಾದ ಕನ್ನಡಿಗರು ಬಹಳ. 'ವಿಷುವಲ್ ಪಿನ್‌ಬಾಲ್' ಎಂಬ ಉಚಿತ ತಂತ್ರಾಂಶ ಬಂದ ಮೇಲೆ ಹವ್ಯಾಸಿಗಳು ಹಳೆಯ ಹಲಗೆಗಳನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ಪುನಾರಚಿಸತೊಡಗಿದರು. ಇಂದಿನ ವರ್ಚುವಲ್ ಯಂತ್ರಗಳ ಹಿಂದಿರುವುದು ಬಹುಪಾಲು ಈ ದುಡಿಮೆ.

ಚಿತ್ರದ ಚೆಂಡಿಗೂ ಉಕ್ಕಿನ ಚೆಂಡಿಗೂ ಇರುವ ಅಂತರ

ನಿಜವಾದ ಯಂತ್ರದಲ್ಲಿ ಸುಮಾರು 27 ಮಿಲಿಮೀಟರ್ ಅಗಲದ, 80 ಗ್ರಾಂ ತೂಕದ ಚೆಂಡು ಆರೂವರೆ ಡಿಗ್ರಿ ಇಳಿಜಾರಿನಲ್ಲಿ ಓಡುತ್ತದೆ. ಅದರ ಪೆಟ್ಟು ಮರದ ಮೂಲಕ ಅಂಗೈಗೆ ಬರುತ್ತದೆ. ವರ್ಚುವಲ್ ಯಂತ್ರದಲ್ಲಿ ಈ ಅನುಭವವನ್ನು ಬೇರೆಯಾಗಿ ಹುಟ್ಟಿಸಬೇಕು. ಇದಕ್ಕೆ ಎರಡು ಉಪಾಯಗಳುಂಟು. ಚೆಂಡು ತಗುಲಿದಾಗಲೆಲ್ಲ ಟಕ್ಕೆಂದು ಬಡಿಯುವ ಸೊಲೆನಾಯ್ಡ್‌ಗಳನ್ನು ಪೆಟ್ಟಿಗೆಯೊಳಗೆ ಕೂರಿಸುವುದು ಒಂದು. ಶಬ್ದವನ್ನು ಮರದ ನಡುಕವಾಗಿ ಮಾರ್ಪಡಿಸುವ ಎಕ್ಸೈಟರ್‌ಗಳನ್ನು ಅಂಟಿಸುವುದು ಇನ್ನೊಂದು. ಆಟಗಾರ ಪೆಟ್ಟಿಗೆಯನ್ನು ಮೆಲ್ಲಗೆ ನೂಕಿದರೆ ಅದನ್ನು ಗುರುತಿಸುವ ಸಂವೇದಕವೂ ಇರಬೇಕು. ಇವು ಯಾವುವೂ ಇಲ್ಲದ ಯಂತ್ರ, ಕಾಲುಗಳಿರುವ ಟಿವಿಯಷ್ಟೇ.

ಕೊಳ್ಳುವವರು ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕಾದುದು ವಿಳಂಬವನ್ನು, ಅಂದರೆ ಗುಂಡಿ ಒತ್ತಿದ ಕ್ಷಣಕ್ಕೂ ಪರದೆಯ ಮೇಲೆ ಫ್ಲಿಪ್ಪರ್ ಏಳುವ ಕ್ಷಣಕ್ಕೂ ನಡುವಿನ ಅಂತರವನ್ನು. ಚೆಂಡು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬರುತ್ತಿದೆ ಎಂದುಕೊಳ್ಳೋಣ. ಸೆಕೆಂಡಿಗೆ 60 ಸಲ ಬದಲಾಗುವ ಪರದೆಯಲ್ಲಿ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಚೆಂಡು 3 ಸೆಂಟಿಮೀಟರಿಗೂ ಹೆಚ್ಚು ಹಾರಿರುತ್ತದೆ; 120 ಸಲ ಬದಲಾಗುವ ಪರದೆಯಲ್ಲಿ ಅದರ ಅರ್ಧ. ಟಿವಿಯೇ 50 ಮಿಲಿಸೆಕೆಂಡ್ ತಡಮಾಡಿದರೆ ಚೆಂಡು 10 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಫ್ಲಿಪ್ಪರ್‌ನ ಉದ್ದವೇ ಏಳೂವರೆ ಸೆಂಟಿಮೀಟರಿನಷ್ಟು. ಅಂದಮೇಲೆ ಅಂಥ ಯಂತ್ರದಲ್ಲಿ ಆಟಗಾರನ ಕೌಶಲಕ್ಕೆ ಬೆಲೆಯಿಲ್ಲ. ಆದ್ದರಿಂದ ಹೊಳಪು, ಬಣ್ಣ, ಆಟಗಳ ಪಟ್ಟಿ ಇವೆಲ್ಲಕ್ಕೂ ಮೊದಲು ಹತ್ತು ನಿಮಿಷ ನಿಂತು ಆಡಿ ನೋಡುವುದು ಅಗತ್ಯ. ಆಡಲು ಬಿಡದ ಮಾರಾಟಗಾರನಿಂದ ಕೊಳ್ಳದಿರುವುದೇ ಲೇಸು.

ಬ್ರಿಕ್‌ಫೀಲ್ಡ್ಸ್‌ನ ಮನೆಯಲ್ಲಿ

ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್ ತನ್ನ ಹೆಸರನ್ನು ಪಡೆದುದು ಇಟ್ಟಿಗೆಯಿಂದ. 1881ರ ಬೆಂಕಿ ಮತ್ತು ನೆರೆಯ ಬಳಿಕ ಮರ ಮತ್ತು ಹುಲ್ಲಿನ ಮನೆಗಳ ಬದಲು ಇಟ್ಟಿಗೆಯ ಕಟ್ಟಡಗಳನ್ನು ಕಟ್ಟುವ ತೀರ್ಮಾನವಾದಾಗ ಗೂಡುಗಳು ಇಲ್ಲಿ ಉರಿದವು. ಮುಂದೆ ರೈಲ್ವೆ ನೌಕರರ ವಸತಿಗಳ ಬಡಾವಣೆಯಾಗಿ ಬೆಳೆದ ಈ ಪ್ರದೇಶ, 2001ರಲ್ಲಿ ಕೆಎಲ್ ಸೆಂಟ್ರಲ್ ನಿಲ್ದಾಣ ಆರಂಭವಾದ ಮೇಲೆ ಎತ್ತರದ ವಸತಿ ಕಟ್ಟಡಗಳ ತಾಣವಾಯಿತು. 2010ರಲ್ಲಿ ಅಧಿಕೃತವಾಗಿ 'ಲಿಟಲ್ ಇಂಡಿಯಾ' ಎನಿಸಿತು. ನಿಲ್ದಾಣ ಹತ್ತಿರ, ತರಕಾರಿ ಅಂಗಡಿ ಹತ್ತಿರ, ದೇವಸ್ಥಾನ ಹತ್ತಿರ ಎಂದು ಇಲ್ಲಿ ಬಾಡಿಗೆಗೆ ನೆಲಸುವ ಕನ್ನಡ ಕುಟುಂಬಕ್ಕೆ ಮನೆ ಎಂದರೆ ಹತ್ತಾರು ಮಹಡಿಗಳ ನಡುವಿನ ಒಂದು ಫ್ಲಾಟ್.

ಇಂಥ ಮನೆಗೆ ಪೂರ್ಣಾಕಾರದ ನಿಜವಾದ ಪಿನ್‌ಬಾಲ್ ತರುವುದು ಕಷ್ಟದ ಕೆಲಸ. ಅದು 110 ಕಿಲೋಗೂ ಹೆಚ್ಚು ತೂಗುತ್ತದೆ. ಸುಮಾರು 140 ಸೆಂಟಿಮೀಟರ್ ಉದ್ದ, 70 ಸೆಂಟಿಮೀಟರ್ ಅಗಲ, 190 ಸೆಂಟಿಮೀಟರ್ ಎತ್ತರ. ಅಮೆರಿಕದಲ್ಲಿ ಹೊಸ ಯಂತ್ರದ ಬೆಲೆ 7,000 ಡಾಲರ್ ಆಸುಪಾಸಿನಿಂದ ಆರಂಭ. ಅಲ್ಲಿನ 120 ವೋಲ್ಟಿಗೆ ಹೊಂದಿಸಿದ ಹಳೆಯ ಯಂತ್ರವನ್ನು ಮಲೇಷ್ಯಾದ 230 ವೋಲ್ಟಿಗೆ ಹೊಂದಿಸಿಕೊಳ್ಳದೆ ಚಾಲೂ ಮಾಡುವಂತಿಲ್ಲ. ವರ್ಚುವಲ್ ಯಂತ್ರ ಇಲ್ಲಿ ಮೇಲುಗೈ ಪಡೆಯುತ್ತದೆ. ಅದರೊಳಗಿನ ಕಂಪ್ಯೂಟರು, ಪರದೆಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗೂ ನಡೆಯುತ್ತವೆ. 24 ಅಥವಾ 32 ಇಂಚಿನ ಪರದೆಯ ಚಿಕ್ಕ ಯಂತ್ರಗಳನ್ನು ಇಬ್ಬರು ಎತ್ತಿ ಲಿಫ್ಟಿನಲ್ಲಿ ಒಯ್ಯಬಹುದು. ಯಂತ್ರ 400 ವ್ಯಾಟ್ ಬಳಸುತ್ತದೆ, ದಿನಕ್ಕೆ ಎರಡು ತಾಸು ಆಡುತ್ತೇವೆ ಎಂದುಕೊಂಡರೂ ತಿಂಗಳಿಗೆ 24 ಯೂನಿಟ್ ವಿದ್ಯುತ್ ಸಾಕು.

ತೊಂದರೆ ಇರುವುದು ಸದ್ದಿನಲ್ಲಿ. ಸೊಲೆನಾಯ್ಡಿನ ಬಡಿತ ಗಾಳಿಗಿಂತ ಹೆಚ್ಚಾಗಿ ಕಾಲುಗಳ ಮೂಲಕ ನೆಲಕ್ಕಿಳಿದು ಕೆಳಮನೆಯ ಸೂರಿನಲ್ಲಿ ಕೇಳುತ್ತದೆ. ಮಲೇಷ್ಯಾದ ಬಹುಮಹಡಿ ವಸತಿಗಳು 2013ರ ಸ್ಟ್ರಾಟಾ ನಿರ್ವಹಣಾ ಕಾಯ್ದೆಗೆ ಒಳಪಟ್ಟಿವೆ; ನೆರೆಯವರ ನೆಮ್ಮದಿಗೆ ಭಂಗ ತರಬಾರದೆಂಬ ನಿಯಮ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಫ್ಲಾಟಿನಲ್ಲಿ ಇಡುವವರು ಸೊಲೆನಾಯ್ಡ್‌ಗಳ ಬದಲು ಎಕ್ಸೈಟರ್‌ಗಳಿರುವ ಯಂತ್ರವನ್ನೋ, ರಾತ್ರಿ ಬಡಿತವನ್ನು ಆರಿಸಲು ಪ್ರತ್ಯೇಕ ಸ್ವಿಚ್ ಇರುವುದನ್ನೋ ಆರಿಸಿಕೊಂಡು, ಕಾಲುಗಳ ಕೆಳಗೆ ದಪ್ಪ ರಬ್ಬರ್ ಹಾಸಬೇಕು.

ಹವೆಯೂ ಲೆಕ್ಕಕ್ಕೆ ಬರುತ್ತದೆ. ವರ್ಷವಿಡೀ ತೇವವಿರುವ ಊರಿನಲ್ಲಿ ಅಗ್ಗದ ಎಂಡಿಎಫ್ ಹಲಗೆಯ ಪೆಟ್ಟಿಗೆ ಅಂಚುಗಳಲ್ಲಿ ಉಬ್ಬುತ್ತದೆ. ಪ್ಲೈವುಡ್ ಹೆಚ್ಚು ಬಾಳುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಕಂಪ್ಯೂಟರು ಕಾಯುವುದರಿಂದ ಹಿಂಬದಿಯಲ್ಲಿ ಫ್ಯಾನ್ ಅವಶ್ಯ. ಜಗತ್ತಿನಲ್ಲೇ ಸಿಡಿಲು ಹೆಚ್ಚಾಗಿರುವ ಪ್ರದೇಶಗಳಲ್ಲಿ ಕ್ಲಾಂಗ್ ಕಣಿವೆಯೂ ಒಂದು. ಸಂಜೆಯ ಗುಡುಗು ಮಳೆಯ ಹೊತ್ತಿಗೆ ಪ್ಲಗ್ ಕಿತ್ತಿಡುವುದು ಎಲ್ಲಕ್ಕಿಂತ ಅಗ್ಗದ ವಿಮೆ.

ಸಾವಿರ ಆಟಗಳ ಭರವಸೆ

ಕೆಲವು ಮಾರಾಟಗಾರರು ಸಾವಿರಾರು ಹಲಗೆಗಳನ್ನು ತುಂಬಿಸಿಯೇ ಯಂತ್ರ ಕೊಡುತ್ತಾರೆ. ಇಲ್ಲಿ ಎಚ್ಚರ ಬೇಕು. ವಿಷುವಲ್ ಪಿನ್‌ಬಾಲ್ ಉಚಿತವೆಂಬುದು ನಿಜ. ಆದರೆ ಮೂಲ ಯಂತ್ರಗಳ ರಾಮ್ ಚಿಪ್ಪುಗಳ ತಂತ್ರಾಂಶ, ಚಿತ್ರಗಳು, ಸಂಗೀತ ಇವು ಅವುಗಳ ಒಡೆಯರ ಸ್ವತ್ತು. ಹಲಗೆಗಳನ್ನು ಪುನಾರಚಿಸಿದ ಹವ್ಯಾಸಿಗಳಲ್ಲಿಯೂ ಹಲವರು ತಮ್ಮ ಕೆಲಸವನ್ನು ಯಂತ್ರದೊಂದಿಗೆ ಮಾರಬಾರದೆಂದು ಷರತ್ತು ಹಾಕಿದ್ದಾರೆ. ಅಧಿಕೃತ ದಾರಿಯಲ್ಲಿ ಕೊಂಡರೂ ಎಲ್ಲವೂ ಶಾಶ್ವತವಲ್ಲ. 'ದಿ ಪಿನ್‌ಬಾಲ್ ಆರ್ಕೇಡ್' ತಯಾರಿಸಿದ ಫಾರ್‌ಸೈಟ್ ಸಂಸ್ಥೆಯ ಪರವಾನಗಿ ಮುಗಿದಾಗ, ವಿಲಿಯಮ್ಸ್ ಮತ್ತು ಬ್ಯಾಲಿ ಹಲಗೆಗಳು 2018ರ ಜೂನ್ ಕೊನೆಗೆ ಮಾರಾಟದಿಂದ ಮಾಯವಾದವು. ಆ ಹಕ್ಕು ಬಳಿಕ ಜೆನ್ ಸ್ಟುಡಿಯೋಸ್‌ಗೆ ಹೋಯಿತು. ಒಂದೇ ಕಂಪನಿಯ ಅಂಗಡಿಗೆ ಕಟ್ಟುಬಿದ್ದ ಯಂತ್ರಕ್ಕಿಂತ, ಸಾಮಾನ್ಯ ಕಂಪ್ಯೂಟರನ್ನು ಒಳಗಿಟ್ಟುಕೊಂಡ ಅಥವಾ ಹೊರಗಿನಿಂದ ಜೋಡಿಸಲು ಬರುವ ಯಂತ್ರ ಹೆಚ್ಚು ಕಾಲ ಬದುಕುತ್ತದೆ.

ಇದರ ಇನ್ನೊಂದು ಮುಖ ದುರಸ್ತಿ. ತಂತ್ರಾಂಶ ನವೀಕರಣವಾದಾಗ ಹಲಗೆಯೊಂದು ತೆರೆಯದೆ ಹೋಗುವುದು, ಎರಡು ಪರದೆಗಳು ಅದಲು ಬದಲಾಗುವುದು ಇಲ್ಲಿ ಸಾಮಾನ್ಯ. ಇದನ್ನು ಬಿಡಿಸುವುದರಲ್ಲೇ ಸಂತೋಷ ಕಾಣುವವರು ಮನೆಯಲ್ಲಿ ಒಬ್ಬರಿದ್ದರೆ ಯಂತ್ರ ಜೀವಂತ. ಇಲ್ಲವಾದರೆ ಅದು ಆರು ತಿಂಗಳಲ್ಲಿ ಇಸ್ತ್ರಿ ಬಟ್ಟೆ ಪೇರಿಸಿಡುವ ಮೇಜಾಗುತ್ತದೆ. ಕೇರಂ ಹಲಗೆಗೂ ಚನ್ನೆಮಣೆಗೂ ಇಲ್ಲದ ಈ ಹೊರೆಯನ್ನು ಮೊದಲೇ ಒಪ್ಪಿಕೊಂಡಿರಬೇಕು.

ಊರಿಗೆ ಮರಳುವ ದಿನದ ಲೆಕ್ಕ

ಎರಡು ಮೂರು ವರ್ಷಗಳ ಒಪ್ಪಂದದ ಮೇಲೆ ಬಂದವರಿಗೆ ಕೊನೆಯ ಪ್ರಶ್ನೆಯೇ ಮೊದಲನೆಯದು: ಹೋಗುವಾಗ ಇದನ್ನೇನು ಮಾಡುವುದು? ಮಲೇಷ್ಯಾದಲ್ಲಿ ಎರಡು ತಿಂಗಳ ಬಾಡಿಗೆಯನ್ನು ಠೇವಣಿಯಾಗಿ ಇಡುವುದು ರೂಢಿ; ಯಂತ್ರವನ್ನು ಎಳೆದಾಡಿ ನೆಲ ಗೀರಿದರೆ ಅದರಲ್ಲೊಂದು ಪಾಲು ಹೋಗುತ್ತದೆ. ಹಡಗಿನ ಸಾಗಣೆಯಲ್ಲಿ ಸಣ್ಣ ಸರಕಿನ ಬಾಡಿಗೆಯನ್ನು ನಿರ್ಧರಿಸುವುದು ಹೆಚ್ಚಾಗಿ ಗಾತ್ರವೇ. ಟೊಳ್ಳು ಪೆಟ್ಟಿಗೆಗೂ ಅಷ್ಟೇ ಹಣ. ಆದರೆ ಭಾರತದಲ್ಲಿಯೂ 230 ವೋಲ್ಟೇ ಇರುವುದರಿಂದ, ಬಿಡಿಭಾಗಗಳಾಗಿ ಬಿಚ್ಚಲು ಬರುವ ಯಂತ್ರದ ಕಂಪ್ಯೂಟರು ಮತ್ತು ನಿಯಂತ್ರಣ ಫಲಕವನ್ನು ಸೂಟ್‌ಕೇಸಿನಲ್ಲಿ ತಂದು, ಪೆಟ್ಟಿಗೆಯನ್ನು ಊರಿನ ಬಡಗಿಯಿಂದ ಮತ್ತೆ ಮಾಡಿಸಿಕೊಳ್ಳಬಹುದು. ಪೂರ್ತಿ ಅಂಟಿಸಿ ಮುಚ್ಚಿದ ಯಂತ್ರಕ್ಕೆ ಈ ಅನುಕೂಲವಿಲ್ಲ. ಅದನ್ನು ಸಿಕ್ಕಿದ ಬೆಲೆಗೆ ಮಾರಿ ಬರಬೇಕು.

ತೀರ್ಮಾನಕ್ಕೆ ಬರುವ ಕ್ರಮ ಹೀಗಿರಬಹುದು. ಮೊದಲು, ಮನೆಯಲ್ಲಿರುವ ಕಂಪ್ಯೂಟರಿನಲ್ಲೇ ವಿಷುವಲ್ ಪಿನ್‌ಬಾಲ್ ಹಾಕಿಕೊಂಡು ಒಂದು ತಿಂಗಳು ಆಡಬೇಕು, ಇದಕ್ಕೆ ಖರ್ಚಿಲ್ಲ. ತಿಂಗಳ ಕೊನೆಗೂ ಮನೆಮಂದಿ ಸರದಿಗೆ ಕಾಯುತ್ತಿದ್ದರೆ, ಮೂರು ನಾಲ್ಕು ಹಲಗೆಗಳನ್ನೇ ಮತ್ತೆ ಮತ್ತೆ ಆಡುತ್ತಿದ್ದರೆ, ಚಿಕ್ಕ ಯಂತ್ರಕ್ಕೆ ಹಣ ಹಾಕುವುದರಲ್ಲಿ ತಪ್ಪಿಲ್ಲ. ಸ್ವಂತ ಮನೆ, ಐದು ವರ್ಷಗಳ ನೆಲೆ, ದುರಸ್ತಿಯ ಆಸಕ್ತಿ ಮೂರೂ ಕೂಡಿದವರು ಪೂರ್ಣಾಕಾರದ ಯಂತ್ರವನ್ನು ಯೋಚಿಸಬಹುದು. ಹೊಸ ಹೊಸ ಹಲಗೆಗಳನ್ನು ತೆರೆದು ನೋಡಿ ಮುಚ್ಚುವುದಷ್ಟೇ ನಡೆದಿದ್ದರೆ, ಬೇಕಾಗಿದ್ದುದು ಆಟವಲ್ಲ, ಪಟ್ಟಿ ಎಂದು ತಿಳಿಯಬೇಕು. ಅದಕ್ಕೆ ಲ್ಯಾಪ್‌ಟಾಪೇ ಸಾಕು.