ಕೌದಿ ಕಟ್ಟಿದ ಕೋಣೆ: ನಮ್ಮ ದನಿ ಯಾರ ಮನೆಯಾಗ ರೆಕಾರ್ಡ್ ಆಗಬೇಕು?



ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಾಡೋ ಹುಡುಗ-ಹುಡುಗಿಯರು ನನ್ನ ಕೇಳೋ ಪ್ರಶ್ನೆ ಒಂದೇ: "ಅಣ್ಣಾ, ಸ್ಟುಡಿಯೋಕ್ಕ ಕೊಡಾಕ ರೊಕ್ಕಿಲ್ಲ, ಮನಿಯಾಗ ರೆಕಾರ್ಡ್ ಮಾಡಬಹುದೇನು?" ಮಾಡಬಹುದು. ಆದ್ರ ಹ್ಯಾಂಗ ಅನ್ನೋದಕ್ಕಿಂತ ಮೊದಲು ಸ್ವಲ್ಪ ಚರಿತ್ರೆ ಹೇಳ್ತೀನಿ. ಯಾಕಂದ್ರ ಸ್ಟುಡಿಯೋ ಅಂದ್ರ ದೊಡ್ಡವರ ಜಾಗ, ನಾವು ಹೊರಗ ನಿಂತು ಕೇಳೋರು ಅನ್ನೋ ಅಂಜಿಕೆ ನಮ್ಮೊಳಗ ಇನ್ನೂ ಅದ.

1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ತಟ್ಟೆಗಿಳಿಸಿದ. ಈ ದೇಶದ ಮೊದಲ ತಟ್ಟೆ ರೆಕಾರ್ಡಿಂಗ್‌ಗಳಾದ ಆ ಜಾಗ ಯಾವುದು? ಒಂದು ಹೋಟೆಲಿನ ಕೋಣೆ! ಮೈಕ್ ಇರಲಿಲ್ಲ, ಕೊಂಬಿನಂಥ ಕಹಳೆಯ ಬಾಯಿಗೆ ಕೂಗಿ ಹಾಡಬೇಕಿತ್ತು. ಕರೆಂಟಿನ ಮೈಕಿನಿಂದ ರೆಕಾರ್ಡ್ ಮಾಡೋದು ಶುರುವಾದದ್ದು 1925ರಲ್ಲಿ. ನಮ್ಮ ರಾಜ್ಯದ ಮೊದಲ ಬಾನುಲಿಯೂ ಹಾಗೇ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ 'ವಿಠ್ಠಲ ವಿಹಾರ' ಮನೆಯಿಂದಲೇ ಪ್ರಸಾರ ಶುರುಮಾಡಿದರು. 'ಆಕಾಶವಾಣಿ' ಅನ್ನೋ ಹೆಸರು ಮೊಳಗಿದ್ದು ಒಂದು ಮನೆಯಿಂದ.

ಅಂದ್ರ ಸ್ಟುಡಿಯೋ ಮೊದಲಿಂದಲೂ ಯಾರದೋ ಒಂದು ಕೋಣೆನೇ. ಪ್ರಶ್ನೆ ಇರೋದು ಯಾರ ಕೋಣೆ, ಅದರ ಹೊಸ್ತಿಲು ದಾಟೋರು ಯಾರು ಅನ್ನೋದರಾಗ.

ನಮ್ಮ ಸೀಮೆಗೆ ಹಾಡಿನ ಬಡತನ ಯಾವತ್ತೂ ಇರಲಿಲ್ಲ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪ, ಅವರ ಶಿಷ್ಯ ಚೆನ್ನೂರ ಜಲಾಲಸಾಬ, ಇವರ ತತ್ವಪದಗಳು ಯಂತ್ರವಿಲ್ಲದೆ, ಬಾಯಿಂದ ಬಾಯಿಗೆ ಇಲ್ಲೀತನಕ ಬಂದವು. ಉಳಿಸಿದವರು ಏಕತಾರಿ ಹಿಡಿದ ಭಜನಾ ಮೇಳದವರು, ಕೂಲಿ ಮುಗಿಸಿ ಬಂದು ಹಾಡಿದ ನಮ್ಮ ಆಯಿಗಳು, ಮುತ್ಯಾಗಳು. 1966ರಲ್ಲಿ ಕಲಬುರಗಿಗೆ ಆಕಾಶವಾಣಿ ಬಂತು. ಹಳ್ಳಿ ಹಾಡಿಗೆ ಅದು ಜಾಗ ಕೊಟ್ಟದ್ದು ಖರೆ. ಆದ್ರ ಅಲ್ಲಿಗೆ ಅರ್ಜಿ ಬೇಕು, ಬಸ್ ಛಾರ್ಜು ಬೇಕು, ಆಡಿಷನ್ ಪಾಸಾಗಬೇಕು, ಮ್ಯಾಲ ಬಿ, ಬಿ-ಹೈ, ಎ ಅಂತ ದರ್ಜೆ. ಒಂದು ದಿನದ ಕೂಲಿ ಬಿಟ್ಟು ಹೋಗೋರು ಎಷ್ಟು ಮಂದಿ?

ಗಡಿಯಾಚೆ ಬ್ಯಾರೆ ಕಥಿ ನಡೆದಿತ್ತು. ಮಹಾರಾಷ್ಟ್ರದಲ್ಲಿ ಬಾಬಾಸಾಹೇಬರ ಕಾಲದಲ್ಲೇ ಭೀಮರಾವ್ ಕರ್ಡಕ್ ಅವರ ಜಲಸಾ ಮೇಳ ಊರೂರು ತಿರುಗಿತ್ತು. ಆಮೇಲೆ ವಾಮನದಾದಾ ಕರ್ಡಕ್ ಬಂದರು, ಪ್ರಲ್ಹಾದ ಶಿಂದೆ ಬಂದರು. 1963ರಲ್ಲಿ ಫಿಲಿಪ್ಸ್ ಕಂಪನಿ ತಂದ ಕ್ಯಾಸೆಟ್ಟು 80ರ ದಶಕದಲ್ಲಿ ಅಗ್ಗವಾದಾಗ ಭೀಮಗೀತೆಗೆ ರೆಕ್ಕೆ ಬಂತು. ಸೊಲ್ಲಾಪುರ, ಅಕ್ಕಲಕೋಟೆ ನಮ್ಮ ಆಳಂದ, ಅಫಜಲಪುರಕ್ಕ ಮಗ್ಗಲಾಗೇ ಅವ. ಮರಾಠಿ ಹಾಡು ಕನ್ನಡದ ಕೇರಿಗಳಲ್ಲಿ ಕೇಳಿಸಿತು. ಈ ಕಡೆ 70ರ ದಶಕದಿಂದ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಸಿದ್ಧಲಿಂಗಯ್ಯನವರ ಹಾಡು ಮೊಳಗಿದವು. ಬೀದಿಯೇ ನಮ್ಮ ಸ್ಟುಡಿಯೋ ಆಗಿತ್ತು.

ಬೀದಿಯ ಹಾಡು ಗಾಳಿಗೆ ಹೋಗ್ತದ. ರೆಕಾರ್ಡ್ ಆದದ್ದು ಉಳೀತದ. ಬಾಬಾಸಾಹೇಬರು 1955ರಲ್ಲಿ ಬಿಬಿಸಿಗೆ ಕೊಟ್ಟ ಸಂದರ್ಶನದಲ್ಲಿ ಅವರ ದನಿಯನ್ನ ನಾವು ಇವತ್ತೂ ಕೇಳ್ತೀವಿ.

ಈಗ ಕೋಣೆಗೆ ಬರೋಣ. 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಹೊಸ ಉಪನ್ಯಾಸ ಸಭಾಂಗಣವೊಂದರಲ್ಲಿ ಪಾಠ ಕೇಳಿಸ್ತಿರಲಿಲ್ಲ. ಮಾತು ಐದು ಸೆಕೆಂಡಿನ ಮ್ಯಾಲ ಗುಂಯ್‌ಗುಡ್ತಿತ್ತು. ವಾಲೇಸ್ ಸಬೀನ್ ಅನ್ನೋ ಮೇಷ್ಟ್ರು ರಾತ್ರಿ ಹೊತ್ತು ಪಕ್ಕದ ನಾಟಕಶಾಲೆಯ ಗಾದಿ ಹೊತ್ತು ತಂದು, ಒಂದೊಂದೇ ಜೋಡಿಸಿ, ಗುಂಯ್ ಎಷ್ಟು ಕಡಿಮೆಯಾಗ್ತದ ಅಂತ ಅಳೆದ. ಶಬ್ದಶಾಸ್ತ್ರದ ಸೂತ್ರ ಹುಟ್ಟಿದ್ದು ಆ ಗಾದಿಗಳಿಂದ. ನಮ್ಮ ಮನೆಯಾಗ ಗಾದಿಗಿಂತ ಚಲೋದು ಅದ: ಅವ್ವ ಹಳೇ ಸೀರಿ ಜೋಡಿಸಿ ಹೊಲೆದ ಕೌದಿ.

ನಮ್ಮ ಕಡೆ ಶಹಾಬಾದ ಫರ್ಸಿಯ ನೆಲ, ಕಲ್ಲಿನ ಗ್ವಾಡಿ, ಮ್ಯಾಲ ಪತ್ರಾಸು. ಇವು ದನಿಯನ್ನ ಹೀರೋದಿಲ್ಲ, ವಾಪಸ್ ಒಗೀತಾವ. ಅದಕ್ಕ ಹೀಂಗ ಮಾಡ್ರಿ:

– ಸಾಮಾನು, ಬಟ್ಟೆ, ಹಾಸಿಗೆ ತುಂಬಿದ ಸಣ್ಣ ಕೋಣೆ ಆರಿಸಿ. ಖಾಲಿ ಕೋಣೆ ಬ್ಯಾಡ.
– ಎರಡು-ಮೂರು ದಪ್ಪ ಕೌದಿಯನ್ನ ಹಾಡೋರ ಬೆನ್ನ ಹಿಂದ, ಎರಡೂ ಮಗ್ಗಲಿಗೆ ಹಗ್ಗ ಕಟ್ಟಿ ಇಳಿಬಿಡಿ, ಗ್ವಾಡಿಗೆ ಅಂಟಿಸದೆ ಒಂದು ಗೇಣು ಬಿಟ್ಟು. ಸಾಮಾನ್ಯ ಮೈಕು ಮುಂದಿನದನ್ನೇ ಹೆಚ್ಚು ಕೇಳ್ತದ, ಹಾಡೋರ ಹಿಂದಿನ ಗ್ವಾಡಿ ಅದಕ್ಕ ಎದುರಿಗೇ ಇರ್ತದ. ನೆಲಕ್ಕೂ ಒಂದು ಹಾಸ್ರಿ.
– ತತ್ತಿ ಟ್ರೇ ಅಂಟಿಸಿ ಮೋಸ ಹೋಗಬ್ಯಾಡ್ರಿ. ಹೊರಗಿನ ಗದ್ದಲ ಅದರಿಂದ ನಿಲ್ಲೋದಿಲ್ಲ. ಕೌದಿಯೂ ನಿಲ್ಲಿಸೋದಿಲ್ಲ, ಅದು ಒಳಗಿನ ಗುಂಯ್ ಅಷ್ಟೇ ಹೀರ್ತದ.
– ಗದ್ದಲಕ್ಕ ಮದ್ದು ಹೊತ್ತು. ನಮ್ಮ ಬಿಸಿಲಿಗೆ ಫ್ಯಾನ್ ಆರಿಸಿ ಹಗಲು ಹಾಡಾಕ ಆಗೋದಿಲ್ಲ. ಪತ್ರಾಸೂ ಕಾದು ಚಟಚಟ ಅಂತದ. ಬೆಳಗಿನ ಜಾವ ಹಾಡ್ರಿ.
– ಮೊಬೈಲು ಸಾಕು. ಫ್ಲೈಟ್ ಮೋಡ್ ಹಾಕ್ರಿ. ಸಾವಿರದ ಆಸುಪಾಸಿನ ಕಾಲರ್ ಮೈಕ್ ಸಿಕ್ಕರ ಇನ್ನೂ ಚಲೋ. ಕಾರ್ಯಕ್ರಮದ ಡೈನಮಿಕ್ ಮೈಕ್ ಇದ್ದರ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆ ಹಿಡೀರಿ. 'ಪ', 'ಭ' ಉಸಿರು ಬಡಿಯೋದಿಲ್ಲ.
– ದನಿಯ ಮುಳ್ಳು ಕೆಂಪು ಮುಟ್ಟಬಾರದು. ಒಡೆದ ದನಿ ಕೂಡೋದಿಲ್ಲ. ಕಡಿಮೆ ಇದ್ದದ್ದನ್ನ ಆಡಾಸಿಟಿಯಂಥ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಏರಿಸಬಹುದು.
– ಹಲಗಿಯನ್ನ ಕೋಣೆಯೊಳಗ ಬ್ಯಾಡ. ಅಂಗಳದಾಗ, ಮೈಕ್ ಏಳೆಂಟು ಅಡಿ ದೂರ ಇಟ್ಟು ಬ್ಯಾರೆ ರೆಕಾರ್ಡ್ ಮಾಡ್ರಿ. ಬಿಟ್ಟಿಯಾಗಿ ಊರಿಗೆ ಬಾರಿಸಿದ ಹಲಗಿಯನ್ನ ನಮ್ಮ ಹಾಡಿಗೆ ನಾವೇ ಬಾರಿಸೋದು ಸಣ್ಣ ಮಾತಲ್ಲ.

ಇದೆಲ್ಲಾ ಬರೇ ರೊಕ್ಕ ಉಳಿಸೋಕಲ್ಲ. ಪೇಟೆಯ ಸ್ಟುಡಿಯೋ ಒಂದರಲ್ಲಿ ನಮ್ಮ ಹಾಡಿನ ಒಂದು ಪದ "ಸ್ವಲ್ಪ ಖಾರ ಆಯ್ತು, ತೆಗೀರಿ" ಅಂದಿದ್ದರು. ನಮ್ಮ ಕೌದಿ ಹಾಂಗ ಅನ್ನೋದಿಲ್ಲ. ಇನ್ನೊಂದು: ತತ್ವಪದ ಎಲ್ಲರದು, ಆದ್ರ ಕಾನೂನಿನ ಪ್ರಕಾರ ರೆಕಾರ್ಡಿಂಗಿನ ಹಕ್ಕು ಅದನ್ನ ಮಾಡಿಸಿದವರದು. ಮುತ್ಯಾನ ದನಿಯನ್ನ ಹೊರಗಿನವರು ಹಿಡಿದರೆ ಮಾಲೀಕರು ಅವರೇ. ಹಾಡುಗಾರರಿಗೂ ಹಕ್ಕು ಅದ, 2012ರ ತಿದ್ದುಪಡಿ ವಾಣಿಜ್ಯ ಬಳಕೆಗೆ ರಾಯಲ್ಟಿ ಕೇಳೋ ದಾರಿ ತೆರೆದದ. ಬರೀ ಕಾಗದಕ್ಕ ಸಹಿ ಹಾಕಬ್ಯಾಡ್ರಿ, ಓದಿ ಹಾಕ್ರಿ.

ಹಾಡು ಶುರುಮಾಡೋ ಮೊದಲು ಹಾಡುವವರ ಹೆಸರು, ಊರು, ತಾರೀಖು, ಯಾರಿಂದ ಕಲಿತದ್ದು ಅನ್ನೋದನ್ನ ಬಾಯಿಂದಲೇ ಹೇಳಿಸಿ. ಹೆಸರಿಲ್ಲದ 'ಜಾನಪದ' ಆಗಿ ನಮ್ಮ ಮಂದಿ ಬಾಳ ಕಾಲ ಕಳೆದುಹೋಗ್ಯಾರ. ಮೂರು ಪ್ರತಿ ಮಾಡಿ, ಮೂರು ಕಡೆ ಇಡ್ರಿ.

ನಿಮ್ಮ ಕೇರಿಯಾಗ ಎಲ್ಲರಿಗಿಂತ ವಯಸ್ಸಾದ ಹಾಡುಗಾರ್ತಿ ಯಾರು? ಈ ವಾರ ಆ ಆಯಿ ಹತ್ರ ಹೋಗ್ರಿ. ಕೌದಿ ಆಕೀ ಮನೆಯಾಗೇ ಇರ್ತದ.

ಜೈಭೀಮ್.